ಸೌಂಡಕ್ಕನ ಎರಡು ಚಕ್ರ, ಬಾವನ ನಾಲ್ಕು

ಸೌಂಡಕ್ಕನಿಗೆ ಹೇಸಿಗೆ ಹುಟ್ಟಿಸದ ವಸ್ತು ಈ ಭೂಮಿಯ ಮೇಲೆ ಇನ್ನೂ ತಯಾರಾಗಿಲ್ಲ. ಬಾಗಿಲ ಹಿಡಿಯನ್ನು ಕರವಸ್ತ್ರ ಸುತ್ತಿ ಹಿಡಿಯುವವಳು, ಇನ್ನೊಬ್ಬರ ಪೆನ್ನು ಮುಟ್ಟಿದರೆ ಮೊಣಕೈವರೆಗೆ ತೊಳೆಯುವವಳು, ಮೈಮೇಲೆ ಮಳೆಹನಿ ಬಿದ್ದರೂ ಇದು ಎಲ್ಲೆಲ್ಲಿ ಅಲೆದು ಬಂತೋ ಎಂದು ಅನುಮಾನದಿಂದ ನೋಡುವವಳು. ಇಂಥ ಜೀವವನ್ನು ಹುಡುಕಿ ತಂದು ಸ್ಕೇಟಿಂಗ್ ರಿಂಕಿನಲ್ಲಿ ಕೂರಿಸಿದ ದೇವರು ಎಂಥ ಕಿಲಾಡಿ ಎಂಬುದನ್ನು ಆ ರಿಂಕಿನ ಬಾಡಿಗೆ ಬೂಟುಗಳ ಕೋಣೆಗೆ ಒಮ್ಮೆ ಮೂಗು ಕೊಟ್ಟವರೇ ಬಲ್ಲರು. ಊರಿನ ಅರ್ಧದಷ್ಟು ಕಾಲುಗಳು ಸರದಿಯಂತೆ ಹೊಕ್ಕು ಬೆವರಿ ಹೊರಬಂದ ಬೂಟುಗಳು ಅವು. ಆ ವಾಸನೆಗೆ ಕೈಕಾಲು ಮೂಡಿ ಎಷ್ಟೋ ಕಾಲವಾಗಿತ್ತು. ಬೆಳಗ್ಗೆ ಬೀಗ ತೆಗೆಯುವ ಮೊದಲೇ ಅದು ಒಳಗಿನಿಂದ ಚಿಲಕ ಸರಿಸಿ ಬನ್ನಿ ಎನ್ನುತ್ತಿತ್ತು. ಒಮ್ಮೆ ಇಲಿ ಹಿಡಿಯುವವನು ಬಂದು ಬಾಗಿಲಲ್ಲೇ ನಿಂತು, "ಇಲ್ಲಿ ಇಲಿ ಇರಲ್ಲ ಸ್ವಾಮಿ, ಅವಕ್ಕೂ ಒಂದು ಮರ್ಯಾದೆ ಅಂತಿರುತ್ತೆ" ಎಂದು ಹೇಳಿ ಹೊರಟುಹೋದ.

ರಿಂಕು ಅವಳ ಅಪ್ಪನದು. ಸಿಮೆಂಟು ಮೂಟೆಗಳ ಗೋದಾಮನ್ನು ಕೊಂಡು, ನೆಲ ನುಣುಪು ಮಾಡಿಸಿ, ಸುತ್ತ ಕಬ್ಬಿಣದ ಕಂಬಿ ಹಾಕಿಸಿ, ಚಕ್ರದ ಬೂಟು ಕೊಟ್ಟು ಜನರನ್ನು ಸುತ್ತಲು ಬಿಟ್ಟಿದ್ದರು. ಅವರ ನಂತರ ತಮ್ಮ ನೋಡಿಕೊಳ್ಳುತ್ತಿದ್ದ. ಅಕ್ಕನ ಪಾಲಿಗೆ ಬಂದದ್ದು ಮೂಲೆಯ ಎತ್ತರದಲ್ಲಿರುವ ಗಾಜಿನ ಗೂಡು. ಅಲ್ಲಿ ಕುಳಿತು ಹಾಡು ಹಾಕುವುದು ಅವಳ ಕೆಲಸ. ಕೆಳಗಿನ ವಾಸನೆ ಗೂಡಿನವರೆಗೆ ಬರಬಾರದೆಂದು ಬಾಗಿಲ ಸಂದಿಗೆ ಹಳೆಯ ಟವೆಲ್ಲು ತುರುಕಿ, ಆ ಟವೆಲ್ಲಿಗೂ ಹೇಸಿ, ಅದರ ಮೇಲೆ ಹೊಸ ಟವೆಲ್ಲು ತುರುಕಿದ್ದಳು.

ಅವಳ ಸರಂಜಾಮು ಇಷ್ಟೇ: ಒಂದು ಲ್ಯಾಪ್‌ಟಾಪು, ಅದಕ್ಕೆ ಸಿಕ್ಕಿಸಿದ, ಮೇಲ್ಗಡೆ ತಟ್ಟೆಯಂತೆ ತಿರುಗುವ ಎರಡು ಚಕ್ರದ ಒಂದು ಪುಟ್ಟ ಪೆಟ್ಟಿಗೆ. ಚಕ್ರಕ್ಕೊಂದು ಹಾಡು. ಒಂದು ಮುಗಿಯುವ ಹೊತ್ತಿಗೆ ಇನ್ನೊಂದಕ್ಕೆ ಜನರನ್ನು ದಾಟಿಸಬೇಕು. ಪ್ರತಿ ಚಕ್ರದ ಪಕ್ಕದಲ್ಲೂ ವೇಗ ಏರಿಸಿ ಇಳಿಸುವ ಒಂದು ಸ್ಲೈಡರ್. ಸೌಂಡಕ್ಕನ ಸಂಸಾರವೆಲ್ಲ ಆ ಸ್ಲೈಡರಿನಲ್ಲಿತ್ತು. ಕಾಲು ತಲೆಯ ಮಾತು ಕೇಳುತ್ತದೆಂದು ಜನ ತಿಳಿದಿದ್ದಾರೆ. ಚಕ್ರ ಕಟ್ಟಿದ ಕಾಲು ಕೇಳುವುದು ತಾಳದ ಮಾತನ್ನು. ಅಂಗಳದಲ್ಲಿ ನೂಕುನುಗ್ಗಲಾದರೆ ಅವಳು ಸ್ಲೈಡರನ್ನು ಒಂದು ಅಕ್ಕಿಕಾಳಿನಷ್ಟು ಕೆಳಗೆಳೆಯುತ್ತಿದ್ದಳು. ಇಡೀ ಗುಂಪು ತನಗೇ ಗೊತ್ತಿಲ್ಲದೆ ಸಾವಧಾನವಾಗುತ್ತಿತ್ತು. ವೇಗ ಏರಿದರೆ ಹಾಡುವವಳ ದನಿ ತೆಳ್ಳಗಾಗುತ್ತಿತ್ತು, ಇಳಿದರೆ ನೆಗಡಿ ಹಿಡಿದಂತೆ ದಪ್ಪಗಾಗುತ್ತಿತ್ತು. ಹಾಗಾಗಿ ಸೌಂಡಕ್ಕ ಕಣ್ಣು ಮುಚ್ಚಿಕೊಂಡು ಚಹಾ ಕುಡಿಯುತ್ತಲೇ ಅಂಗಳ ಎಷ್ಟು ವೇಗದಲ್ಲಿದೆ ಎಂದು ಹೇಳಬಲ್ಲವಳಾಗಿದ್ದಳು. ಅವಳಿಗಿದ್ದ ನಿಯಮ ಒಂದೇ. ಏನೇ ಆಗಲಿ, ಹಾಡು ಫಕ್ಕನೆ ನಿಲ್ಲಬಾರದು. ನಿಂತರೆ ಕಾಲು ನಿಲ್ಲುವುದಿಲ್ಲ, ಎಲ್ಲರ ತಲೆಯೂ ಗೂಡಿನ ಕಡೆ ತಿರುಗುತ್ತದೆ. ತಲೆ ಅತ್ತ, ಚಕ್ರ ಇತ್ತ. ಆಮೇಲೆ ಯಾರ ಹಲ್ಲು ಯಾರ ಬೆನ್ನಲ್ಲಿದೆ ಎಂದು ವಿಂಗಡಿಸಲು ಅರ್ಧ ದಿನ ಬೇಕು.

ಅವಳ ಗಂಡ ಆ ರಿಂಕಿನ ಕೋಚ್. ಹಿಂದಕ್ಕೆ, ಮುಂದಕ್ಕೆ, ಒಂಟಿಕಾಲಲ್ಲಿ, ಬೇಕೆಂದರೆ ನಿದ್ದೆಯಲ್ಲೂ ಸುತ್ತುತ್ತಿದ್ದ ಮನುಷ್ಯ. ಜನ್ಮವಿಡೀ ಚಕ್ರದ ಮೇಲೆ ಬೀಳದವರು ಬಚ್ಚಲುಮನೆಯಲ್ಲಿ ಸೋಪಿನ ಚೂರಿನ ಮೇಲೆ ಕಾಲಿಟ್ಟು ಬಿದ್ದರು. ಸೊಂಟದ ಕೀಲು ಮುರಿಯಿತು. ಡಾಕ್ಟರು ತಗಡು ಇಟ್ಟು, ಒಂದು ಬಾಗಿಲಿಗೆ ಬೇಕಾಗುವಷ್ಟು ಸ್ಕ್ರೂ ಜಡಿದು ಕಳಿಸಿದರು. ತಿಂಗಳುಗಟ್ಟಲೆ ಕಾಡಿ ಬೇಡಿದ ಮೇಲೆ ಕೊನೆಗೆ, ವಾರಕ್ಕೊಂದು ಸಲ, ಕಂಬಿಯ ಪಕ್ಕದಲ್ಲೇ, ನಿಧಾನವಾಗಿ ಸುತ್ತಬಹುದು ಎಂದು ಒಪ್ಪಿದರು.

"ನಿಧಾನ ಅಂದ್ರೆ ಎಷ್ಟು ಡಾಕ್ಟ್ರೇ?" ಎಂದು ಕೋಚ್ ಕೇಳಿದ್ದಕ್ಕೆ, "ಪಕ್ಕದಲ್ಲಿ ನಡ್ಕೊಂಡು ಹೋಗೋರು ನಿಮ್ಮನ್ನ ದಾಟಿ ಹೋಗ್ಬೇಕು, ಅಷ್ಟು" ಎಂದರು. ಆಮೇಲೆ ಸೌಂಡಕ್ಕನ ಕಡೆ ತಿರುಗಿ, "ಇನ್ನೊಂದ್ಸಲ ಬಿದ್ರೆ ನನ್ ಹತ್ರ ಕರ್ಕೊಂಡು ಬರ್ಬೇಡಿ. ಜೋಡಿಸೋಕೆ ಅಲ್ಲಿ ಮೂಳೆ ಉಳಿದಿರಲ್ಲ" ಎಂದರು.

ಅಂದಿನಿಂದ ಭಾನುವಾರ ಮಧ್ಯಾಹ್ನದ ಮೊದಲ ಸುತ್ತು ನಿಧಾನದ ಸುತ್ತಾಯಿತು. ಸೌಂಡಕ್ಕ ಕುಂಟುವ ಕತ್ತೆಯೂ ಹಿಂದಿಕ್ಕಬಲ್ಲಂಥ ಹಾಡುಗಳನ್ನು ಹುಡುಕಿ, ಅವನ್ನೂ ಇನ್ನಷ್ಟು ಕೆಳಗೆಳೆದು ಹಾಕುತ್ತಿದ್ದಳು. ಗಂಡನನ್ನು ಅವಳು ಕೈಹಿಡಿದು ನಡೆಸುತ್ತಿದ್ದದ್ದು ಆ ಸ್ಲೈಡರಿನಿಂದ.

ಎಲ್ಲ ಹೀಗೆ ನಡೆದಿರುವಾಗ ರಸ್ತೆಯ ಆಚೆ ಬದಿಗೆ ಇನ್ನೊಂದು ರಿಂಕು ಬಂತು. ಕೋಚ್ ಕೋಲೂರಿಕೊಂಡು ಹೋಗಿ ನೋಡಿಬಂದರು. ಬಂದವರು ನೆಲದ ಬಗ್ಗೆ ಹೇಳಲಿಲ್ಲ, ಕಂಬಿಯ ಬಗ್ಗೆ ಹೇಳಲಿಲ್ಲ.

"ಅಲ್ಲಿ ಹಾಡು ಹಾಕೋ ಮೇಜು ಹೆಂಗಿದೆ ಗೊತ್ತೇನೇ? ವಿಮಾನ ಓಡಿಸೋ ಥರ. ಅಡಿಯಿಂದ ಮುಡಿವರೆಗೆ ದೀಪ. ಅವ್ಳು ಅದರ ಹಿಂದೆ ನಿಂತ್ರೆ ಒಂದು ಗತ್ತು" ಎಂದರು.

"ಅವ್ಳು ಅಂದ್ರೆ?"

"ಹಾಡು ಹಾಕೋವ್ಳು."

"ಗತ್ತು ಮೇಜಿಂದೋ ಅವ್ಳದೋ?"

ಕೋಚ್ ಜಾಣರು, ಚಹಾ ಆರುತ್ತಿದೆ ಎಂದು ಎದ್ದುಹೋದರು. ಸೌಂಡಕ್ಕ ತನ್ನ ಪುಟ್ಟ ಪೆಟ್ಟಿಗೆಯನ್ನು ನೋಡಿದಳು. ಅಂದಿನವರೆಗೆ ಕಣ್ಣಿಗೆ ಬೀಳದ ಹೊಲಸೆಲ್ಲ ಬಿತ್ತು. ಗುಂಡಿಗಳ ಬುಡದಲ್ಲಿ ಕರಿ, ಚಕ್ರದ ಅಂಚಿನಲ್ಲಿ ಸವೆತ, ಎಡ ಸ್ಲೈಡರಿನಲ್ಲಿ ಗರಗರ. ಇಷ್ಟು ದಿನ ಇದನ್ನು ಮುಟ್ಟಿದ ಕೈಯಿಂದ ಊಟ ಮಾಡಿದೆನಲ್ಲ ಎಂದು ಎದ್ದುಹೋಗಿ ಮೊಣಕೈವರೆಗೆ ತೊಳೆದುಕೊಂಡಳು.

ಇತ್ತ ತಮ್ಮನಿಗೂ ಚಿಂತೆ ಹತ್ತಿತ್ತು. ಅವನ ಹೆಂಡತಿಯ ಅಣ್ಣನೊಬ್ಬ ಮನೆಯಲ್ಲೇ ಠಿಕಾಣಿ ಹೂಡಿದ್ದ. ತಮ್ಮ ಅವನನ್ನು ಬಾವ ಎಂದು ಕರೆಯುತ್ತಿದ್ದದ್ದನ್ನು ಕೇಳಿ ಟಿಕೆಟಿನವನಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರೂ ಬಾವ ಎಂದೇ ಕರೆಯುತ್ತಿದ್ದರು. ಬಾವ ಎಂದೂ ಖಾಲಿ ಬಾಯಲ್ಲಿ ಇರುತ್ತಿರಲಿಲ್ಲ. ಚಿಪ್ಸಿನ ಪೊಟ್ಟಣ ಅವನ ದೇಹದ ಒಂದು ಅಂಗ. ತಿಂದ ಬೆರಳನ್ನು ಒಂದೊಂದಾಗಿ ನೆಕ್ಕಿ, ನೆಕ್ಕಿದ ಬೆರಳಿನಿಂದ ಲೋಕವನ್ನೆಲ್ಲ ಮುಟ್ಟುತ್ತಿದ್ದ. ಅವನು ಕೈಕುಲುಕಿದರೆ ಆ ಕೈಯಲ್ಲಿ ಹಪ್ಪಳ ಕರಿಯಬಹುದಿತ್ತು. ಅವನಿಗೆ ಡಿಜೆ ಆಗುವ ಹಂಬಲ.

"ಅಕ್ಕ, ನೀನೇ ಆರಿಸು" ಎಂದ ತಮ್ಮ. "ಹೊಸದೇ ಎರಡು ಚಕ್ರದ್ದು ಬೇಕಾದ್ರೆ ನಿನ್ನೊಬ್ಳಿಗೆ ತರೋಣ. ಇಲ್ಲಾಂದ್ರೆ ದೊಡ್ಡ ಸೆಟ್ಟು ತರೋಣ, ಇಬ್ರು ನಿಲ್ಬಹುದು. ಬಾವನೂ ಕಲೀತಾರೆ."

"ಬಾವ ಮೊದ್ಲು ಕೈ ತೊಳ್ಯೋದು ಕಲೀಲಿ" ಎಂದಳು ಅಕ್ಕ.

ಬಾವ ನಕ್ಕ. ನಕ್ಕಾಗ ಚಿಪ್ಸಿನ ಪುಡಿ ಉದುರಿತು.

ಅಂಗಡಿಗೆ ಮೂವರೂ ಹೋದರು. ಅಂಗಡಿಯವನು ಒಳ್ಳೆಯವನೇ. ರಿಂಕಿನ ಕೆಲಸ ಏನೆಂದು ಕೇಳಿ ತಿಳಿದು, ಎರಡು ಚಕ್ರದ ಹೊಸ ಪೆಟ್ಟಿಗೆಯನ್ನು ಮುಂದಿಟ್ಟ. "ನಿಮಗೆ ಇದು ಸಾಕು ಮೇಡಂ" ಎಂದ.

ಆ 'ಸಾಕು' ಎಂಬ ಮಾತು ಸೌಂಡಕ್ಕನ ಕಿವಿಗೆ ಕಾದ ಎಣ್ಣೆಯಂತೆ ಇಳಿಯಿತು. ರಸ್ತೆಯಾಚೆಯವಳಿಗೆ ವಿಮಾನ, ತನಗೆ ಸಾಕಾಗುವಷ್ಟು.

"ನನಗೆ ಸಾಕು ಅಂತ ನಿಮಗೆ ಯಾರು ಹೇಳಿದ್ದು? ಅಲ್ಲಿರೋದು ಏನದು?"

ಅಲ್ಲಿದ್ದದ್ದು ಒಂದು ಆನೆಯನ್ನು ಮಲಗಿಸಬಹುದಾದ ಮೇಜು. ನಾಲ್ಕು ಚಕ್ರ, ನಡುವೆ ಹಾಡುಗಳನ್ನು ಬೆರೆಸುವ ಮಿಕ್ಸರು, ಮಿಕ್ಸರಿನ ಪಕ್ಕ ದನಿಯನ್ನು ತಿರುಚುವ ಇನ್ನೊಂದು ಪೆಟ್ಟಿಗೆ, ಎರಡು ಪರದೆ, ಗುಂಡಿಗಳು ಆಕಾಶದ ನಕ್ಷತ್ರದಷ್ಟು, ಎಲ್ಲವೂ ಮಿನುಗುತ್ತಿದ್ದವು.

"ಇದ್ರಲ್ಲಿ ತಾಳ ನೀವು ಕೂಡಿಸ್ಬೇಕಾಗಿಲ್ಲ ಮೇಡಂ. ಸಿಂಕ್ ಅಂತ ಒತ್ತಿದ್ರೆ ಒಂದು ಚಕ್ರ ಯಜಮಾನ ಆಗುತ್ತೆ, ಮಿಕ್ಕ ಮೂರೂ ಅದರ ವೇಗಕ್ಕೇ ಹೋಗ್ತವೆ. ವೇಗ ಏರಿದ್ರೂ ಹಾಡೋರ ದನಿ ಒಡೆಯಲ್ಲ. ನೀವು ಏನೂ ಮಾಡೋದೇ ಬೇಡ."

"ಏನೂ ಮಾಡದೆ ಇರೋಕೆ ನಮ್ಮನೇಲಿ ಆಗ್ಲೇ ಒಬ್ರಿದಾರೆ" ಎಂದು ಅವಳು ಬಾವನ ಕಡೆ ನೋಡಿದಳು. ನೋಡಿ, "ಇದನ್ನೇ ಕಟ್ಟಿಕೊಡಿ" ಎಂದಳು.

ದೊಡ್ಡ ಸೆಟ್ಟು ಬಂದ ದಿನ ಗೂಡಿನ ಬಾಗಿಲು ಕಳಚಬೇಕಾಯಿತು. ಅದರ ತಂತಿಗಳನ್ನು ಒಂದಕ್ಕೊಂದು ಗಂಟು ಹಾಕಿದ್ದರೆ ಚಂದ್ರನಿಗೆ ಕಟ್ಟಿ ಇತ್ತ ಎಳೆದುಕೊಳ್ಳಬಹುದಿತ್ತು. ಕಪ್ಪು ತಂತಿ, ಕೆಂಪು ತಂತಿ, ಎಲ್ಲಿಂದಲೂ ಹೊರಡದೆ ಎಲ್ಲಿಗೂ ಸೇರದ ತಂತಿ, ಕಾಲಕೆಳಗೆ ಹಾವಿನ ಹುತ್ತ ತೋಡಿದಂತೆ ಬಿದ್ದಿದ್ದವು. ಅವುಗಳ ನಡುವೆ ಧೂಳು ಸೇರುತ್ತದೆ, ಗುಡಿಸಲು ಆಗುವುದಿಲ್ಲ, ಇನ್ನು ಜಿರಳೆ ಸಂಸಾರ ಹೂಡುತ್ತದೆ ಎಂದು ಸೌಂಡಕ್ಕನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಎಡಗಡೆಯ ಎರಡು ಚಕ್ರ ಬಾವನಿಗೆ, ಬಲಗಡೆಯ ಎರಡು ತನಗೆ ಎಂದು ನಡುವೆ ಬಿಳಿ ಟೇಪು ಅಂಟಿಸಿದಳು. ಬಾವನ ಬೆರಳು ಆ ಗಡಿ ದಾಟಬಾರದು ಎಂಬುದಷ್ಟೇ ಅವಳ ಲೆಕ್ಕ. ಅಂಗಡಿಯವನು ಸಿಂಕ್ ಒತ್ತಿಯೇ ಕಳಿಸಿದ್ದರಿಂದ ಒಳಗೊಳಗೇ ನಾಲ್ಕೂ ಒಂದೇ ಹಗ್ಗಕ್ಕೆ ಕಟ್ಟಿದ ದನಗಳು ಎಂಬುದು ಅವಳ ಬುದ್ಧಿಗೆ ಹೊಳೆಯಲಿಲ್ಲ. ಎರಡು ಚಕ್ರದಲ್ಲೇ ಆಯುಷ್ಯ ಕಳೆದವರಿಗೆ ಪಕ್ಕದ ಚಕ್ರದ ಕೈ ತನ್ನ ಹಾಡಿಗೆ ತಾಗುತ್ತದೆ ಎಂದರೆ ಹೇಗೆ ಹೊಳೆದೀತು?

ಭಾನುವಾರ ಬಂತು. ನಿಧಾನದ ಸುತ್ತು ಶುರುವಾಯಿತು. ಕೋಚ್ ಇಸ್ತ್ರಿಯ ಪ್ಯಾಂಟು ತೊಟ್ಟು, ಬೂಟಿನ ದಾರ ಬಿಗಿದು, ಕಂಬಿ ಹಿಡಿದು ಇಳಿದರು. ಸೌಂಡಕ್ಕ ತನ್ನ ಬಲಗಡೆಯ ಚಕ್ರದಲ್ಲಿ ಹಾಡು ಬಿಟ್ಟಳು. ಮೇಜಿನ ದೀಪಗಳು ಅವಳ ಮುಖದ ಮೇಲೆ ಹಸಿರು ನೀಲಿ ಆಡಿದವು. ಕೆಳಗಿನಿಂದ ಗಂಡ ಒಮ್ಮೆ ತಲೆಯೆತ್ತಿ ನೋಡಿದ್ದನ್ನು ಗಮನಿಸಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ಪಕ್ಕದಲ್ಲಿ ಬಾವ ಕಿವಿ ಮುಚ್ಚುವ ಹೆಡ್‌ಫೋನು ಹಾಕಿ, ಕಣ್ಣು ಮುಚ್ಚಿ, ತನ್ನ ಮುಂದಿನ ಸುತ್ತಿನ ಹಾಡನ್ನು ಯಾರಿಗೂ ಕೇಳದಂತೆ ತನ್ನೊಳಗೇ ಓಡಿಸಿಕೊಂಡು ತಲೆ ಆಡಿಸುತ್ತಿದ್ದ.

ಸ್ವಲ್ಪ ಹೊತ್ತು ಎಲ್ಲ ಸರಿಯಿತ್ತು. ಆಮೇಲೆ ಸೌಂಡಕ್ಕನಿಗೆ ಏನೋ ಸರಿಯಿಲ್ಲ ಅನಿಸಿತು. ಕಿವಿಗೆ ಹಾಡು ಸರಿಯಾಗಿಯೇ ಇತ್ತು, ದನಿ ತೆಳ್ಳಗಾಗಿರಲಿಲ್ಲ. ಅನುಮಾನ ಹುಟ್ಟಿದ್ದು ಬೂಟಿನ ಚಕ್ರಗಳ ಸದ್ದಿನಿಂದ. ನೆಲದ ಮೇಲೆ ಅವು ಸರ್ ಎನ್ನಬೇಕಿತ್ತು, ಈಗ ಸುಂಯ್ ಎನ್ನುತ್ತಿದ್ದವು. ಅವಳು ಗಾಜಿಗೆ ಮೂಗು ಒತ್ತಿ ನೋಡಿದಳು, ಹೇಸಿಗೆ ಮರೆತು. ಇಡೀ ಅಂಗಳ ವೇಗದಲ್ಲಿತ್ತು. ಕೋಚ್ ಕಂಬಿ ಬಿಟ್ಟಿದ್ದರು.

ತಾಳಕ್ಕೆ ಎಂದೂ ಎದುರಾಡದ ಕಾಲು ಅವರದು. ಡಾಕ್ಟರ ಮಾತು ಸೊಂಟಕ್ಕೆ ಗೊತ್ತಿತ್ತು, ಕಾಲಿಗೆ ಯಾರೂ ಹೇಳಿರಲಿಲ್ಲ. ತಿರುವಿನಲ್ಲಿ ಅವರು ಎಡಗಾಲನ್ನು ಬಲಗಾಲಿನ ಮೇಲಿಂದ ದಾಟಿಸಿದರು, ಹಳೆಯ ಠೀವಿಯಲ್ಲೇ. ಸ್ಕ್ರೂಗಳೆಲ್ಲ ಒಳಗೆ ಗಡಗಡ ಅಲ್ಲಾಡಿದ್ದು ಸೌಂಡಕ್ಕನಿಗೆ ಮೇಲಿನವರೆಗೆ ಕೇಳಿಸಿದಂತಾಯಿತು.

ಅವಳು ತನ್ನ ಚಕ್ರದ ಸ್ಲೈಡರನ್ನು ಕೆಳಗೆಳೆದಳು. ಏನೂ ಆಗಲಿಲ್ಲ. ಇನ್ನಷ್ಟು ಎಳೆದಳು. ಏನೂ ಇಲ್ಲ. ತಳ ಮುಟ್ಟುವವರೆಗೆ ಎಳೆದಳು. ಹಾಡು ಅವಳನ್ನು ಕ್ಯಾರೇ ಅನ್ನದೆ ಓಡುತ್ತಿತ್ತು. ಆಗ ಅವಳ ಕಣ್ಣು ಬಿಳಿ ಟೇಪಿನಾಚೆ ಹೋಯಿತು. ಬಾವನ ಎಣ್ಣೆಬೆರಳು ಅವನ ಚಕ್ರದ ಸ್ಲೈಡರಿನ ಮೇಲಿತ್ತು. ತನ್ನ ಹಾಡಿನ ಖುಷಿಯಲ್ಲಿ ಅದನ್ನು ಮೆಲ್ಲಮೆಲ್ಲನೆ ಮೇಲೇರಿಸುತ್ತಿದ್ದ. ಆ ಚಕ್ರದ ಮೇಲೆ ಯಜಮಾನನ ಪುಟ್ಟ ದೀಪ ಉರಿಯುತ್ತಿತ್ತು.

"ಬಾವ, ಕೈ ತೆಗೀರಿ."

ಕೇಳಿಸಲಿಲ್ಲ. ಅವಳು ಅವನ ಹೆಡ್‌ಫೋನನ್ನು ಬರಿಗೈಯಲ್ಲಿ ಕಿತ್ತಳು. ಅದು ಬೆವರಿಗೆ ಕೆನ್ನೆಯಿಂದ ಪಚಕ್ಕನೆ ಬಿಟ್ಟುಕೊಂಡಿತು. ಬಾವ ಬೆಚ್ಚಿಬಿದ್ದ. ಬೆಚ್ಚಿದ ಕೈ ಸ್ಲೈಡರನ್ನು ಇನ್ನಷ್ಟು ಮೇಲಕ್ಕೆ ತಳ್ಳಿತು. ಕೆಳಗೆ ಅಂಗಳ ಕೊಡಲಿ ಕಂಡ ಕೋಳಿಗಳ ಹಾಗೆ ಓಡತೊಡಗಿತು.

"ಇಳಿಸ್ರೀ."

"ಯಾವ್ದನ್ನ ಅಕ್ಕ?" ಎಂದು ಬಾವ ನಕ್ಷತ್ರಗಳ ನಡುವೆ ಬೆರಳು ಹುಡುಕಾಡಿದ. ಒಂದು ಗುಂಡಿ ಒತ್ತಿದ, ಹಾಡಿಗೆ ಗುಹೆಯೊಳಗಿನ ಪ್ರತಿಧ್ವನಿ ಬಂತು. ಇನ್ನೊಂದು ಒತ್ತಿದ, ಎಲ್ಲಿಂದಲೋ ಹಡಗಿನ ಕೊಂಬು ಕೂಗಿತು.

"ಏನೂ ಮುಟ್ಬೇಡಿ, ದಮ್ಮಯ್ಯ."

ಹಾಡು ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದರೆ ಎಲ್ಲರ ತಲೆ ಮೇಲೆ, ಕೋಚ್ ನಡುವೆ. ಸೌಂಡಕ್ಕ ಮೈಕು ಹಿಡಿದಳು. ಇನ್ನೊಂದು ಕೈಯಿಂದ ಹಾಡಿನ ಸದ್ದನ್ನು, ಹಾಲು ಉಕ್ಕದಂತೆ ಉರಿ ಇಳಿಸುವ ಹಾಗೆ, ಚೂರು ಚೂರೇ ತಗ್ಗಿಸುತ್ತ, ಬಾಯಲ್ಲಿ ತಾಳ ಹೇಳತೊಡಗಿದಳು. ಮೊದಲು ಹಾಡಿನ ವೇಗದಲ್ಲೇ, "ಎಡ, ಬಲ. ಎಡ, ಬಲ." ಅಂಗಳ ಅವಳ ದನಿಯನ್ನು ಹಿಡಿದುಕೊಂಡಿತು. ಆಮೇಲೆ ಅವಳು ಒಂದೊಂದೇ ಅಕ್ಷರಕ್ಕೆ ತೂಕ ಕಟ್ಟಿದಳು. "ಎಡಾ, ಬಲಾ." ಹಾಡು ಕರಗುತ್ತ ಹೋಯಿತು, ದನಿ ಮಾತ್ರ ಉಳಿಯಿತು. "ಎಡಾಆ... ಬಲಾಆ..." ಅವಳ ಕಂಠ ತುಕ್ಕು ಹಿಡಿದ ಗೇಟಿನದು. ಆದರೂ ಕಾಲುಗಳು ನಂಬಿದವು. ಕೋಚ್ ಒಂದು ಸುತ್ತು ಬಂದರು, ಅರ್ಧ ಸುತ್ತು ಬಂದರು, ಕಂಬಿ ಹಿಡಿದರು, ನಿಂತರು.

ಸೌಂಡಕ್ಕ ಮೆಟ್ಟಿಲು ಇಳಿದಳೋ ಹಾರಿದಳೋ ನೋಡಿದವರಿಲ್ಲ. ಬೆಂಚಿನ ಮೇಲೆ ಕುಳಿತ ಗಂಡನ ಮುಂದೆ ಕುಕ್ಕರಿಸಿ, ಬೂಟಿನ ದಾರ ಬಿಚ್ಚಿದಳು. ಬಿಸಿ ಬೆವರಿನ ವಾಸನೆ ಮುಖಕ್ಕೆ ಹೊಡೆಯಿತು. ಮೂಗು ಮುಚ್ಚಿಕೊಳ್ಳೋಣವೆಂದರೆ ಎರಡು ಕೈಯೂ ಕೆಲಸದಲ್ಲಿದ್ದವು.

"ನೋವಾಯ್ತಾ?"

"ಇಲ್ಲ ಕಣೇ" ಎಂದರು ಕೋಚ್. ಅವರ ಮುಖ ಬೆಳಗುತ್ತಿತ್ತು. "ಎಷ್ಟು ದಿನ ಆಗಿತ್ತು ಕೆನ್ನೆಗೆ ಗಾಳಿ ತಾಗಿ. ದೊಡ್ಡ ಸೆಟ್ಟು ಅಂದ್ರೆ ದೊಡ್ಡ ಸೆಟ್ಟೇ ನೋಡು."

"ನಿಮ್ಮ ಸೊಂಟ ಪುಡಿಯಾಗಿದ್ರೆ?"

"ಆಗ್ಲಿಲ್ವಲ್ಲ. ಕೊನೇಲಿ ಆ ದನಿ ಒಂದು ಇಲ್ದಿದ್ರೆ ಇನ್ನೂ ಎರಡು ಸುತ್ತು ಹೊಡೀತಿದ್ದೆ. ಎಲ್ಲಿ ರೆಕಾರ್ಡ್ ಮಾಡಿದ್ದು ಅದು, ಗರಗಸದ ಮಿಲ್ಲಲ್ಲಾ?"

ಸೌಂಡಕ್ಕನಿಗೆ ಆ ಕ್ಷಣ ಲೋಕದ ಮೇಲಿದ್ದ ಹೇಸಿಗೆಯೆಲ್ಲ ಒಟ್ಟುಗೂಡಿ ಒಬ್ಬನೇ ಮನುಷ್ಯನ ಮೇಲೆ ಬಂದು ಕೂತಿತು. ಅವಳು ಅವರ ಬೂಟನ್ನು ಅವರ ಮಡಿಲಲ್ಲೇ ಇಟ್ಟು ಎದ್ದಳು. ಬಾವ ಮೆಟ್ಟಿಲ ಬುಡದಲ್ಲಿ ನಿಂತು, "ಫ್ಲೋರ್ ಸ್ವಲ್ಪ ಬಿಸಿ ಆಯ್ತು ಅಲ್ವಾ ಅಕ್ಕ" ಎಂದ, ಮೆಚ್ಚುಗೆಗೆ ಕಾಯುತ್ತ.

"ಹೂಂ ಬಾವ. ಇನ್ನೊಂದು ಚೂರು ಬಿಸಿಯಾಗಿದ್ರೆ ನಿಮ್ಮನ್ನೇ ಹಪ್ಪಳದ ಥರ ಕರೀಬಹುದಿತ್ತು."

ಮರುದಿನ ಅವಳು ಒಬ್ಬಳೇ ಅಂಗಡಿಗೆ ಹೋದಳು. ಅಂಗಡಿಯವನು ಎದ್ದು ನಿಂತ. ಅವನ ಮುಖದಲ್ಲಿ ಇನ್ನೂ ದೊಡ್ಡದೊಂದನ್ನು ತೋರಿಸುವ ಆಸೆ ಇತ್ತು.

"ಏನ್ ಮೇಡಂ, ಆರು ಚಕ್ರದ್ದು ನೋಡ್ತೀರಾ?"

"ಅವತ್ತು ನೀವು ಸಾಕು ಅಂದ್ರಲ್ಲ, ಅದನ್ನ ಕೊಡಿ."

"ದೊಡ್ಡದು ಕೆಟ್ಟೋಯ್ತಾ?"

"ಅದು ಕೆಟ್ಟಿಲ್ಲ. ನಮಗೆ ಅದರ ಬುದ್ಧಿವಂತಿಕೆ ಜಾಸ್ತಿಯಾಯ್ತು. ನಾನು ಎಳೆದ್ರೆ ಇಳೀಬೇಕು, ತಳ್ಳಿದ್ರೆ ಏರ್ಬೇಕು, ಪಕ್ಕದಲ್ಲಿ ನಿಂತೋರ ಮಾತು ಕೇಳ್ಬಾರ್ದು. ಅಂಥದ್ದು."

"ಜನ ಚಿಕ್ಕದರಿಂದ ದೊಡ್ಡದಕ್ಕೆ ಹೋಗ್ತಾರೆ, ನೀವು ಉಲ್ಟಾ" ಎಂದು ಅವನು ಪೆಟ್ಟಿಗೆ ಇಳಿಸಿದ. ಅವಳು ಅಲ್ಲೇ ಅದನ್ನು ಹಚ್ಚಿಸಿ, ಸಿಂಕ್ ಎಂಬ ಗುಂಡಿ ಎಲ್ಲಿದೆಯೆಂದು ಕೇಳಿ, ಅದರ ಮೇಲೆ ಟೇಪು ಅಂಟಿಸಿ ಎಂದಳು. ದನಿ ಒಡೆಯದಂತೆ ಕಾಯುವ ಗುಂಡಿಯನ್ನೂ ಬಂದ್ ಮಾಡಿ ಎಂದಳು. ಅಂಗಡಿಯವನು ಹುಚ್ಚರ ಜೊತೆ ವಾದ ಬೇಡವೆಂದು ಎರಡನ್ನೂ ಮಾಡಿಕೊಟ್ಟ.

ತಮ್ಮ ತಲೆ ಕೆರೆದುಕೊಂಡ. ದೊಡ್ಡದನ್ನು ವಾಪಸ್ ತೆಗೆದುಕೊಳ್ಳುವವರಿಲ್ಲ, ಬಾವನ ಬೆರಳಿನ ಎಣ್ಣೆ ಅದರ ಮೂಳೆಗೇ ಇಳಿದಿತ್ತು. ಕೊನೆಗೆ ಸಂಜೆಯ ಸುತ್ತುಗಳೆಲ್ಲ ಬಾವನಿಗೆ, ಆನೆ ಮೇಜಿಗೆ; ಮಧ್ಯಾಹ್ನಗಳು ಅಕ್ಕನಿಗೆ, ಬೇರೆ ಮೇಜಿಗೆ, ಬೇರೆ ತಂತಿಗೆ ಎಂದಾಯಿತು. ಮಧ್ಯಾಹ್ನದ ಹೊತ್ತು ಗೂಡಿನ ಗಾಜಿನಲ್ಲಿ ಈಗ ದೀಪವಿಲ್ಲ, ಗತ್ತಿಲ್ಲ. ಟಿಕೆಟ್ಟು ಕೊಂಡು ಹೊಸದಾಗಿ ಬಂದವರು ಅವಳನ್ನು ಮೀಟರ್ ಓದಲು ಬಂದವಳೆಂದು ತಿಳಿಯುವುದೂ ಉಂಟು.

ಮುಂದಿನ ಭಾನುವಾರ ಕೋಚ್ ಮತ್ತೆ ಇಳಿದರು. ಹಾಡು ಜೇನುತುಪ್ಪ ಚಳಿಗಾಲದಲ್ಲಿ ಸುರಿದಂತೆ ಸುರಿಯಿತು. ಎರಡು ಸುತ್ತಾದ ಮೇಲೆ ಅವರು ಗೂಡಿನ ಕೆಳಗೆ ಬಂದು, ತಲೆಯೆತ್ತಿ, ಬೆರಳನ್ನು ಮೇಲಕ್ಕೆ ಆಡಿಸಿದರು. ಇನ್ನೂ ಒಂದು ಚೂರು ಏರಿಸು ಎಂದು. ಸೌಂಡಕ್ಕ ಆಗದೆಂದು ತಲೆಯಾಡಿಸಿದಳು. ಇನ್ನೊಂದು ಸುತ್ತು ಬಂದು ಮತ್ತೆ ಬೇಡಿದರು, ಈ ಸಲ ಎರಡು ಕೈ ಮುಗಿದು. ಕೈ ಮುಗಿಯಲು ಕಂಬಿ ಬಿಟ್ಟದ್ದನ್ನು ಕಂಡು ಅವಳು ಮೈಕಿನಲ್ಲಿ ಇಡೀ ರಿಂಕಿಗೆ ಕೇಳುವಂತೆ, "ಕಂಬಿ ಹಿಡ್ಕೊಳ್ರೀ" ಎಂದಳು.

ಜನ ನಕ್ಕರು. ಕೋಚ್ ಮುನಿಸಿಕೊಂಡರು. ತುಟಿ ಮುಂದೆ ಬಂತು, ಮೂಗು ಕೆಂಪಾಯಿತು, ಹುಬ್ಬು ಒಂದಕ್ಕೊಂದು ಗಂಟಾಯಿತು. ಇಷ್ಟು ಅಸಹ್ಯವಾದ ಮುಖವನ್ನು ನಾನು ಮದುವೆಯಾದೆನೇ ಎಂದು ಸೌಂಡಕ್ಕ ಗಾಜಿನ ಹಿಂದಿನಿಂದ ನೋಡಿದಳು. ಬೆರಳು ಸ್ಲೈಡರಿನ ಮೇಲಿತ್ತು. ಅವರು ಮುನಿಸಿಕೊಂಡೇ ಸುತ್ತಿದರು, ಒಂದು ಹೆಜ್ಜೆಯೂ ತಾಳ ತಪ್ಪದೆ.